ಕಡತ ಸಾಗಣೆಯ ಸರ್ವರುಗಳಲ್ಲಿ ಪ್ರವೇಶ ನಿಯಂತ್ರಣದ ದೋಷಗಳು

೧. ಪ್ರಸ್ತಾವನೆ

ದೂರದೂರದ ಗಣಕಯಂತ್ರಗಳ ನಡುವೆ ಕಡತಗಳನ್ನು ಸಾಗಿಸುವುದು ಇಂದು ವಿಶ್ವವಿದ್ಯಾನಿಲಯಗಳಿಂದ ಹಿಡಿದು ಬ್ಯಾಂಕುಗಳವರೆಗೆ ಎಲ್ಲ ಸಂಸ್ಥೆಗಳ ದೈನಂದಿನ ವ್ಯವಹಾರದ ಅಂಗವಾಗಿದೆ. ಪರೀಕ್ಷೆಯ ಅಂಕಪಟ್ಟಿ, ನೌಕರರ ವೇತನದ ವಿವರ, ಆಸ್ಪತ್ರೆಯ ದಾಖಲೆ, ಗ್ರಂಥಾಲಯದ ಸೂಚಿ ಇವೆಲ್ಲವೂ ಒಂದಲ್ಲ ಒಂದು ಸಂದರ್ಭದಲ್ಲಿ ಕಡತದ ರೂಪವನ್ನು ತಾಳಿ ಒಂದು ಯಂತ್ರದಿಂದ ಮತ್ತೊಂದಕ್ಕೆ ಹೋಗುತ್ತವೆ. ಹೊರಗಿನಿಂದ ಬರುವ ಕೋರಿಕೆಗಳನ್ನು ಸ್ವೀಕರಿಸಿ, ಅವುಗಳಿಗನುಗುಣವಾಗಿ ಕಡತಗಳನ್ನು ಕೊಡುವ ಮತ್ತು ಕೊಳ್ಳುವ ಕೆಲಸವನ್ನು ನಿರ್ವಹಿಸುವ ತಂತ್ರಾಂಶಕ್ಕೆ ಕಡತ ಸಾಗಣೆಯ ಸರ್ವರ್ ಎಂದು ಹೆಸರು. ಯಾರಿಗೆ ಯಾವ ಕಡತವನ್ನು ಕೊಡಬಹುದು, ಯಾರಿಂದ ಏನನ್ನು ಸ್ವೀಕರಿಸಬಹುದು, ಯಾರಿಗೆ ಏನನ್ನು ನಿರಾಕರಿಸಬೇಕು ಎಂಬ ನಿರ್ಣಯವೇ ಪ್ರವೇಶ ನಿಯಂತ್ರಣ. ಈ ನಿರ್ಣಯದಲ್ಲಿ ಉಂಟಾಗುವ ದೋಷಗಳ ಸ್ವರೂಪವೇನು, ಐವತ್ತು ವರ್ಷಗಳ ಅನುಭವವಿದ್ದರೂ ಅವು ಮತ್ತೆ ಮತ್ತೆ ತಲೆದೋರಲು ಕಾರಣವೇನು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಕ್ಷಣೆಯೆಂದೊಡನೆ ಸಾಮಾನ್ಯವಾಗಿ ನಮ್ಮ ಮನಸ್ಸಿಗೆ ಬರುವುದು ಗುಪ್ತಪದ, ಎಂದರೆ ಪಾಸ್‌ವರ್ಡ್. ಬಾಗಿಲಿಗೆ ಬೀಗ ಭದ್ರವಾಗಿದ್ದರೆ ಮನೆ ಭದ್ರವಾಗಿದೆಯೆಂದು ನಾವು ತಿಳಿಯುತ್ತೇವೆ. ಆದರೆ ಬಾಗಿಲಲ್ಲಿ ಕೇಳುವ ಪ್ರಶ್ನೆ 'ನೀನು ಯಾರು?' ಎಂಬುದು ಮಾತ್ರ. ಅದಕ್ಕೆ ಸರಿಯಾದ ಉತ್ತರ ಬಂದ ಮೇಲೆಯೂ 'ನೀನು ಕೇಳುತ್ತಿರುವ ಈ ವಸ್ತುವಿನ ಮೇಲೆ ನಿನಗೆ ಅಧಿಕಾರವಿದೆಯೆ?' ಎಂಬ ಎರಡನೆಯ ಪ್ರಶ್ನೆ ಉಳಿದಿರುತ್ತದೆ. ಮೊದಲನೆಯದು ಗುರುತಿನ ನಿರ್ಣಯ, ಎರಡನೆಯದು ಅಧಿಕಾರದ ನಿರ್ಣಯ. ಮೊದಲನೆಯದನ್ನು ಒಂದು ಸಲ ಕೇಳಿದರೆ ಸಾಕಾಗಬಹುದು. ಎರಡನೆಯದನ್ನು ಪ್ರತಿಯೊಂದು ಆಜ್ಞೆಗೂ, ಪ್ರತಿಯೊಂದು ಕಡತಕ್ಕೂ, ಒಳಗೆ ಬರಲು ಇರುವ ಪ್ರತಿಯೊಂದು ದಾರಿಯಲ್ಲಿಯೂ ಕೇಳಬೇಕು. ನಾವು ಮುಂದೆ ನೋಡಲಿರುವ ದೋಷಗಳಲ್ಲಿ ಬಹುಪಾಲು ಬೀಗವನ್ನು ಮುರಿದು ಒಳಹೊಕ್ಕ ಕಥೆಗಳಲ್ಲ. ಎರಡನೆಯ ಪ್ರಶ್ನೆಯನ್ನು ಕೇಳಬೇಕಾದ ಕಡೆ ಕೇಳದೆ ಬಿಟ್ಟ ಕಥೆಗಳು.

೨. ಸಾಗಣೆಯ ನಿಯಮಾವಳಿಯ ಹುಟ್ಟು ಮತ್ತು ಸ್ವರೂಪ

ಜಾಲದ ಮೂಲಕ ಕಡತಗಳನ್ನು ಸಾಗಿಸುವ ಎಫ್‌ಟಿಪಿ ಎಂಬ ನಿಯಮಾವಳಿಗೆ ಮೊದಲ ಲಿಖಿತ ರೂಪವನ್ನು ಕೊಟ್ಟವರು ಭಾರತೀಯರಾದ ಅಭಯ ಭೂಷಣ್ ಅವರು. ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದಲ್ಲಿ ೧೯೬೫ರಲ್ಲಿ ಪದವಿಯನ್ನು ಪಡೆದು, ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯನ್ನು ಸೇರಿದ್ದ ಅವರು ೧೯೭೧ರ ಏಪ್ರಿಲ್ ತಿಂಗಳಲ್ಲಿ ಆರ್‌ಎಫ್‌ಸಿ ೧೧೪ ಎಂಬ ಪತ್ರದಲ್ಲಿ ಇದನ್ನು ನಿರೂಪಿಸಿದರು. ಆಗ ಅರ್ಪಾನೆಟ್ ಜಾಲದಲ್ಲಿದ್ದವು ಪರಸ್ಪರ ಪರಿಚಯವುಳ್ಳ ಕೆಲವೇ ವಿದ್ಯಾಸಂಸ್ಥೆಗಳು ಮತ್ತು ಪ್ರಯೋಗಾಲಯಗಳು. ಹಲವು ಪರಿಷ್ಕರಣಗಳ ಅನಂತರ ೧೯೮೫ರ ಅಕ್ಟೋಬರಿನಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅವರು ಆರ್‌ಎಫ್‌ಸಿ ೯೫೯ ಎಂಬ ಪತ್ರದಲ್ಲಿ ಈ ನಿಯಮಾವಳಿಗೆ ಸ್ಥಿರರೂಪವನ್ನು ಕೊಟ್ಟರು. ಮುಂದೆ ಬಂದ ಸರ್ವರುಗಳಿಗೆಲ್ಲ ಅದೇ ಆಧಾರವಾಯಿತು.

ಈ ನಿಯಮಾವಳಿಯ ಎರಡು ವೈಶಿಷ್ಟ್ಯಗಳನ್ನು ಇಲ್ಲಿ ಗಮನಿಸಬೇಕು. ಮೊದಲನೆಯದಾಗಿ, ಇದು ಒಂದು ಸಂಭಾಷಣೆ. ಬಳಕೆದಾರನು ತನ್ನ ಹೆಸರನ್ನು ಹೇಳುತ್ತಾನೆ. ಸರ್ವರು ಗುಪ್ತಪದವನ್ನು ಕೇಳುತ್ತದೆ. ಆಮೇಲೆ ಕೋಶವನ್ನು ಬದಲಾಯಿಸು, ಪಟ್ಟಿಯನ್ನು ಕೊಡು, ಕಡತವನ್ನು ಕಳುಹಿಸು ಎಂದು ಒಂದೊಂದೇ ಆಜ್ಞೆ ಬರುತ್ತದೆ. ಪ್ರತಿಯೊಂದಕ್ಕೂ ಸರ್ವರು ಮೂರು ಅಂಕಿಗಳ ಒಂದು ಸಂಖ್ಯೆಯಿಂದ ಉತ್ತರ ಕೊಡುತ್ತದೆ. ೫೩೦ ಎಂದರೆ 'ನೀನು ಇನ್ನೂ ಗುರುತನ್ನು ಸ್ಥಾಪಿಸಿಲ್ಲ' ಎಂದು. ೫೫೦ ಎಂದರೆ 'ಈ ಕಡತ ನಿನಗೆ ದೊರೆಯದು' ಎಂದು. ಮೇಲೆ ಹೇಳಿದ ಎರಡು ಪ್ರಶ್ನೆಗಳೂ ಹೀಗೆ ನಿಯಮಾವಳಿಯಲ್ಲಿಯೇ ಎರಡು ಬೇರೆ ಬೇರೆ ಸಂಖ್ಯೆಗಳಾಗಿ ನಿಂತಿವೆ. ಸಂಭಾಷಣೆಯಾದುದರಿಂದ ಸರ್ವರು ಹಿಂದೆ ನಡೆದುದನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ. ಆ ನೆನಪು ಕೆಟ್ಟರೆ ನಿರ್ಣಯವೂ ಕೆಡುತ್ತದೆ.

ಎರಡನೆಯದಾಗಿ, ಈ ಸಂಭಾಷಣೆಗೊಂದು ಸಂಪರ್ಕ, ಕಡತದ ಸಾಗಣೆಗೆ ಇನ್ನೊಂದು ಸಂಪರ್ಕ. ಸಂಭಾಷಣೆಯು ಸರ್ವರಿನ ೨೧ನೆಯ ಪೋರ್ಟಿನಲ್ಲಿ, ಎಂದರೆ ಆ ಸಂಖ್ಯೆಯ ಜಾಲದ್ವಾರದಲ್ಲಿ ನಡೆಯುತ್ತದೆ. ಯೂನಿಕ್ಸ್ ಯಂತ್ರಗಳಲ್ಲಿ ೧೦೨೪ಕ್ಕಿಂತ ಕೆಳಗಿನ ಸಂಖ್ಯೆಯ ದ್ವಾರಗಳನ್ನು ತೆರೆಯುವ ಅಧಿಕಾರ ಸಂಪ್ರದಾಯದಂತೆ 'ರೂಟ್' ಎಂಬ ಸರ್ವಾಧಿಕಾರದ ಖಾತೆಗೆ ಮಾತ್ರ ಉಂಟು. ಅಲ್ಲದೆ, ಬಂದವರು ಯಾರೇ ಆಗಿರಲಿ, ಅವರವರ ಹೆಸರಿನಲ್ಲಿ ಕೆಲಸ ಮಾಡಬೇಕಾದರೆ ಸರ್ವರಿಗೆ ಎಲ್ಲರ ವೇಷವನ್ನೂ ತಾಳುವ ಅಧಿಕಾರವಿರಬೇಕು. ಆದುದರಿಂದ ಕಡತ ಸಾಗಣೆಯ ಸರ್ವರು ಪೂರ್ಣಾಧಿಕಾರದೊಡನೆ ಕೆಲಸವನ್ನು ಆರಂಭಿಸಿ, ಬಳಕೆದಾರನ ಗುರುತು ತಿಳಿದ ಮೇಲೆ ತನ್ನ ಅಧಿಕಾರವನ್ನು ತಾನೇ ಕುಗ್ಗಿಸಿಕೊಳ್ಳುವುದು ರೂಢಿಯಾಯಿತು. ಮಠದ ಉಗ್ರಾಣದ ಎಲ್ಲ ಕೀಲಿಕೈಗಳೂ ಉಗ್ರಾಣಿಯ ಸೊಂಟದಲ್ಲಿರುತ್ತವೆ. ಕೇಳಲು ಬಂದವನ ಕೈಯಲ್ಲಿ ಒಂದೂ ಇರುವುದಿಲ್ಲ. ಉಗ್ರಾಣದ ಭದ್ರತೆ ನಿಂತಿರುವುದು ಬೀಗಗಳ ಮೇಲಲ್ಲ, ಉಗ್ರಾಣಿಯ ವಿವೇಕದ ಮೇಲೆ. ಸರ್ವರಿನ ಸ್ಥಿತಿಯೂ ಇದೇ.

೩. ಶಾಸ್ತ್ರದ ಹಿನ್ನೆಲೆ

ಪ್ರವೇಶ ನಿಯಂತ್ರಣದ ಶಾಸ್ತ್ರ ಈ ಸರ್ವರುಗಳಷ್ಟೇ ಹಳೆಯದು. ೧೯೭೧ರಲ್ಲಿ ಬಟ್ಲರ್ ಲ್ಯಾಂಪ್ಸನ್ ಅವರು ಅಧಿಕಾರಗಳನ್ನೆಲ್ಲ ಒಂದು ಕೋಷ್ಟಕದ ರೂಪದಲ್ಲಿ ಕಲ್ಪಿಸಿಕೊಳ್ಳುವ ವಿಧಾನವನ್ನು ನಿರೂಪಿಸಿದರು. ಕೋಷ್ಟಕದ ಅಡ್ಡಸಾಲುಗಳಲ್ಲಿ ಕೆಲಸ ಮಾಡುವ ಕರ್ತೃಗಳು, ನೀಟಸಾಲುಗಳಲ್ಲಿ ವಸ್ತುಗಳು. ಎರಡೂ ಸಂಧಿಸುವ ಮನೆಯಲ್ಲಿ ಆ ಕರ್ತೃವಿಗೆ ಆ ವಸ್ತುವಿನ ಮೇಲಿರುವ ಅಧಿಕಾರ. ಓದಬಹುದು, ಬರೆಯಬಹುದು, ಅಥವಾ ಏನೂ ಮಾಡಲಾಗದು ಎಂಬುದನ್ನು ಆ ಮನೆ ಹೇಳುತ್ತದೆ.

೧೯೭೫ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಅವರು ರಕ್ಷಣಾ ವ್ಯವಸ್ಥೆಯ ವಿನ್ಯಾಸಕ್ಕೆ ಎಂಟು ಸೂತ್ರಗಳನ್ನು ಪ್ರತಿಪಾದಿಸಿದರು. ಅವುಗಳಲ್ಲಿ ಮೂರು ನಮ್ಮ ಪ್ರಸ್ತುತ ವಿಷಯಕ್ಕೆ ಅತ್ಯಗತ್ಯವಾದವು. ಒಂದು, ಸಮಗ್ರ ತಪಾಸಣೆ: ಪ್ರತಿಯೊಂದು ವಸ್ತುವಿನ ಪ್ರತಿಯೊಂದು ಪ್ರವೇಶವನ್ನೂ ಅಧಿಕಾರದೊಡನೆ ತಾಳೆ ನೋಡಬೇಕು. ಎರಡು, ನಿರಾಕರಣೆಯೇ ಮೂಲಸ್ಥಿತಿ: ಅನುಮತಿಯಿದೆಯೆಂದು ಸ್ಪಷ್ಟವಾಗಿ ತಿಳಿದಲ್ಲಿ ಮಾತ್ರ ಕೊಡಬೇಕು, ಸಂದೇಹ ಬಂದಲ್ಲಿ ನಿರಾಕರಿಸಬೇಕು. ಮೂರು, ಕನಿಷ್ಠ ಅಧಿಕಾರ: ಪ್ರತಿಯೊಂದು ತಂತ್ರಾಂಶವೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದಿಂದ ನಡೆಯಬೇಕು.

ಇವುಗಳೊಡನೆ ೧೯೮೮ರಲ್ಲಿ ನಾರ್ಮ್ ಹಾರ್ಡಿ ಅವರು ಬರೆದ ಒಂದು ಸಣ್ಣ ಲೇಖನವನ್ನೂ ಸೇರಿಸಿಕೊಳ್ಳಬೇಕು. ಅದರಲ್ಲಿ ಬರುವ ಫೋರ್ಟ್ರಾನ್ ಅನುವಾದಕ ತಂತ್ರಾಂಶಕ್ಕೆ, ಬಳಕೆಯ ಅಂಕಿಅಂಶಗಳನ್ನು ಬರೆದಿಡುವ ಸಲುವಾಗಿ, ಒಂದು ವಿಶೇಷ ಕೋಶದಲ್ಲಿ ಬರೆಯುವ ಅಧಿಕಾರವನ್ನು ಕೊಡಲಾಗಿತ್ತು. ಸಂಸ್ಥೆಯ ಬಿಲ್ಲುಗಳ ಲೆಕ್ಕವೂ ಅದೇ ಕೋಶದಲ್ಲಿತ್ತು. ತನ್ನ ಫಲಿತಾಂಶವನ್ನು ಯಾವ ಕಡತದಲ್ಲಿ ಬರೆಯಬೇಕೆಂದು ಸೂಚಿಸುವ ಅವಕಾಶ ಬಳಕೆದಾರನಿಗಿದ್ದುದರಿಂದ, ಒಬ್ಬನು ಆ ಲೆಕ್ಕದ ಕಡತದ ಹೆಸರನ್ನೇ ಸೂಚಿಸಿದನು. ಅನುವಾದಕವು ತನ್ನ ಅಧಿಕಾರವನ್ನು ಉಪಯೋಗಿಸಿ ಲೆಕ್ಕವನ್ನೆಲ್ಲ ಅಳಿಸಿ ಅದರ ಮೇಲೆ ಬರೆಯಿತು. ಬಳಕೆದಾರನಿಗೆ ಆ ಕಡತವನ್ನು ಮುಟ್ಟುವ ಅಧಿಕಾರವಿರಲಿಲ್ಲ, ಅನುವಾದಕಕ್ಕೆ ಇತ್ತು. ಆದರೆ ತಾನು ಈ ಕ್ಷಣದಲ್ಲಿ ಯಾರ ಪರವಾಗಿ ಯಾರ ಅಧಿಕಾರವನ್ನು ಚಲಾಯಿಸುತ್ತಿದ್ದೇನೆಂಬುದು ಅದಕ್ಕೆ ತಿಳಿದಿರಲಿಲ್ಲ. ಇಂತಹ ತಂತ್ರಾಂಶವನ್ನು ಹಾರ್ಡಿಯವರು ಗೊಂದಲಕ್ಕೊಳಗಾದ ಪ್ರತಿನಿಧಿಯೆಂದು ಕರೆದರು. ಕಡತ ಸಾಗಣೆಯ ಸರ್ವರು ಹುಟ್ಟಿನಿಂದಲೇ ಪರರ ಪ್ರತಿನಿಧಿ. ಅದು ಗೊಂದಲಕ್ಕೊಳಗಾಗುವ ಬಗೆಗಳನ್ನು ಈಗ ನೋಡೋಣ.

೪. ಗುರುತಿನ ಚೀಟಿ ಬದಲಾದದ್ದು

೧೯೮೮ರ ನವೆಂಬರಿನಲ್ಲಿ ಮಾರಿಸ್ ಹುಳುವೆಂಬ ತಂತ್ರಾಂಶ ಜಾಲದಲ್ಲೆಲ್ಲ ಹರಡಿದ ಪರಿಣಾಮವಾಗಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಸರ್ಟ್ ಎಂಬ ರಕ್ಷಣಾಕೇಂದ್ರ ಸ್ಥಾಪಿತವಾಯಿತು. ಮರುತಿಂಗಳಲ್ಲಿಯೇ ಅದು ಹೊರಡಿಸಿದ ಮೊಟ್ಟಮೊದಲ ಎಚ್ಚರಿಕೆಯ ವಿಷಯ ಎಫ್‌ಟಿಪಿ ಸರ್ವರಿನ ದೋಷ. ಆ ಕಾಲದ ಹಳೆಯ ಎಫ್‌ಟಿಪಿ ಸರ್ವರುಗಳಲ್ಲಿದ್ದ ಒಂದು ಪ್ರಸಿದ್ಧ ದೋಷವನ್ನು ೧೯೯೩ರಲ್ಲಿ ಡ್ಯಾನ್ ಫಾರ್ಮರ್ ಮತ್ತು ವೀಟ್ಸೆ ವೆನೆಮಾ ಅವರು ತಮ್ಮ ಪ್ರಬಂಧದಲ್ಲಿ ಉದಾಹರಿಸಿದ್ದಾರೆ. ಅದರ ಸ್ವಾರಸ್ಯ ಹೀಗಿದೆ.

ಬಳಕೆದಾರನು ತನ್ನ ಹೆಸರನ್ನು ಹೇಳಿದೊಡನೆ ಸರ್ವರು ಆ ಹೆಸರಿಗೆ ಸೇರಿದ ದಾಖಲೆಯನ್ನು ಹುಡುಕಿಸಿ ನೆನಪಿನ ಒಂದು ನಿಯತ ಸ್ಥಳದಲ್ಲಿ ಇಡಿಸುತ್ತಿತ್ತು. ಅನಾಮಧೇಯ ಅತಿಥಿಯೆಂದು ಹೇಳಿದವನಿಗೆ ನಿಜವಾದ ಗುಪ್ತಪದ ಬೇಕಿರಲಿಲ್ಲ. 'ಈತ ಅತಿಥಿ' ಎಂಬ ಒಂದು ಗುರುತನ್ನು ಸರ್ವರು ಬೇರೆಯಾಗಿ ಬರೆದಿಟ್ಟುಕೊಳ್ಳುತ್ತಿತ್ತು. ಹೆಸರು ಹೇಳಿದ ಮೇಲೆ, ಗುಪ್ತಪದ ಹೇಳುವ ಮೊದಲು, 'ರೂಟ್ ಖಾತೆಯ ಸ್ವಂತ ಕೋಶಕ್ಕೆ ಹೋಗು' ಎಂಬ ಆಜ್ಞೆಯನ್ನು ಕೊಟ್ಟರೆ ಏನಾಗುತ್ತಿತ್ತು? ಆ ಕೋಶವೆಲ್ಲಿದೆಯೆಂದು ತಿಳಿಯಲು ಸರ್ವರು ರೂಟಿನ ದಾಖಲೆಯನ್ನು ಹುಡುಕಿಸುತ್ತಿತ್ತು. ಆ ದಾಖಲೆ ಬಂದು ಕೂರುತ್ತಿದ್ದುದು ಅತಿಥಿಯ ದಾಖಲೆಯಿದ್ದ ಅದೇ ಸ್ಥಳದಲ್ಲಿ. ಬಳಿಕ ಗುಪ್ತಪದದ ಸರದಿ. 'ಈತ ಅತಿಥಿ' ಎಂಬ ಹಳೆಯ ಗುರುತು ಹಾಗೆಯೇ ಇದ್ದುದರಿಂದ ಸರ್ವರು ಯಾವ ಗುಪ್ತಪದವನ್ನಾದರೂ ಒಪ್ಪಿಕೊಂಡು, ತನ್ನ ಮುಂದಿದ್ದ ದಾಖಲೆಯಂತೆ ಅಧಿಕಾರವನ್ನು ಕೊಡುತ್ತಿತ್ತು. ಆದರೆ ಆ ದಾಖಲೆ ಈಗ ಸರ್ವಾಧಿಕಾರಿಯದಾಗಿತ್ತು!

ಇಲ್ಲಿ ಗುಪ್ತಪದವನ್ನು ಯಾರೂ ಕದ್ದಿಲ್ಲ, ಊಹಿಸಿಲ್ಲ. ದೋಷ ಎರಡು ಕಡೆ ಇದೆ. ಗುರುತು ಸ್ಥಾಪಿತವಾಗುವ ಮೊದಲೇ ಒಂದು ಆಜ್ಞೆಯನ್ನು ನಡೆಸಿದ್ದು ಮೊದಲನೆಯದು. ಅತಿಥಿಯೆಂಬ ತೀರ್ಮಾನವನ್ನು ಒಂದು ಸಮಯದಲ್ಲಿ ಮಾಡಿ, ಆ ತೀರ್ಮಾನಕ್ಕೆ ಸಂಬಂಧಿಸಿದ ದಾಖಲೆಯನ್ನು ಇನ್ನೊಂದು ಸಮಯದಲ್ಲಿ ಓದಿದ್ದು ಎರಡನೆಯದು. ಪರೀಕ್ಷಿಸಿದ ಕ್ಷಣಕ್ಕೂ ಉಪಯೋಗಿಸಿದ ಕ್ಷಣಕ್ಕೂ ನಡುವೆ ವಸ್ತು ಬದಲಾಗಿರಬಹುದೆಂಬ ಎಚ್ಚರ ತಂತ್ರಾಂಶವನ್ನು ಬರೆದವರಿಗೆ ಇರಲಿಲ್ಲ.

೫. ಬಾಗಿಲು ಮುಚ್ಚಿದುದರಿಂದ ಮನೆಯೆಲ್ಲ ತೆರೆದದ್ದು

ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಡಬ್ಲ್ಯುಯು-ಎಫ್‌ಟಿಪಿಡಿ ಎಂಬ ಸರ್ವರು ೧೯೯೦ರ ದಶಕದಲ್ಲಿ ಬಹು ವ್ಯಾಪಕವಾಗಿ ಬಳಕೆಯಲ್ಲಿತ್ತು. ಕೆಲವು ಬಳಕೆದಾರರನ್ನು ಅವರವರ ಸ್ವಂತ ಕೋಶದೊಳಗೇ ನಿರ್ಬಂಧಿಸುವ ಅನುಕೂಲ ಅದರಲ್ಲಿತ್ತು. ಅದರಲ್ಲಿನ ಒಂದು ದೋಷ ೨೦೦೪ರಲ್ಲಿ ಪ್ರಕಟವಾಯಿತು. ನಿರ್ಬಂಧಿತನಾದ ಬಳಕೆದಾರನು ತನ್ನ ಸ್ವಂತ ಕೋಶದ ಅನುಮತಿಗಳನ್ನು ತಾನೇ ಬದಲಾಯಿಸಿ, ಅದರೊಳಕ್ಕೆ ತಾನೂ ಹೋಗಲಾಗದಂತೆ ಮಾಡಿ, ಮತ್ತೆ ಸರ್ವರನ್ನು ಪ್ರವೇಶಿಸಿದರೆ, ಸರ್ವರು ಅವನ ಕೋಶಕ್ಕೆ ಹೋಗಲು ಪ್ರಯತ್ನಿಸಿ ಸೋಲುತ್ತಿತ್ತು. ಸೋತ ಮೇಲೆ ಅವನನ್ನು ನಿರಾಕರಿಸುವ ಬದಲು, ಇಡೀ ಯಂತ್ರದ ಮೂಲಕೋಶವನ್ನೇ ಅವನ ಆರಂಭಸ್ಥಾನವಾಗಿ ಕೊಟ್ಟುಬಿಡುತ್ತಿತ್ತು. ನಿರ್ಬಂಧ ಅಲ್ಲಿಗೆ ಮುಗಿಯುತ್ತಿತ್ತು.

ಕೋಶ ಕಾಣೆಯಾದ ಬಡಪಾಯಿ ಬಳಕೆದಾರನಿಗೆ ಎಲ್ಲಿಯಾದರೂ ನಿಲ್ಲಲು ಸ್ಥಳ ಕೊಡೋಣವೆಂಬುದು ಮೂಲದಲ್ಲಿ ಸದುದ್ದೇಶದ ಏರ್ಪಾಡೇ. ನಿರ್ಬಂಧಿಸುವ ಅನುಕೂಲ ಅದರ ಜೊತೆಗೂಡಿದಾಗ ಆ ಉಪಕಾರವೇ ಅಪಾಯವಾಯಿತು. ನಿರಾಕರಣೆಯೇ ಮೂಲಸ್ಥಿತಿಯಾಗಿರಬೇಕೆಂಬ ಸೂತ್ರದ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ತಂತ್ರಾಂಶದಲ್ಲಿ ಎಲ್ಲವೂ ಸರಿಯಾಗಿ ನಡೆದಾಗಿನ ದಾರಿಯನ್ನು ಪರೀಕ್ಷಿಸುವವರು ಹಲವರು. ಏನೋ ತಪ್ಪಿದಾಗ ಅದು ಯಾವ ಕಡೆಗೆ ವಾಲುತ್ತದೆಂಬುದನ್ನು ಪರೀಕ್ಷಿಸುವವರು ವಿರಳ.

೬. ಪರರ ಹೆಸರಿನಲ್ಲಿ ಮಾತನಾಡಿದ ಸರ್ವರು

ಕಡತದ ಸಾಗಣೆಗೆ ಬೇರೊಂದು ಸಂಪರ್ಕವಿರುತ್ತದೆಂದು ಮೇಲೆ ಹೇಳಿದೆವು. ಮೂಲ ವಿಧಾನದಲ್ಲಿ ಆ ಸಂಪರ್ಕವನ್ನು ಆರಂಭಿಸುವುದು ಸರ್ವರು. ಎಲ್ಲಿಗೆ ಎಂಬುದನ್ನು ಬಳಕೆದಾರನು 'ಪೋರ್ಟ್' ಎಂಬ ಆಜ್ಞೆಯ ಮೂಲಕ ತಿಳಿಸುತ್ತಾನೆ. ಅದರಲ್ಲಿ ಆರು ಸಂಖ್ಯೆಗಳಿರುತ್ತವೆ: ಮೊದಲ ನಾಲ್ಕು ಯಂತ್ರದ ವಿಳಾಸವನ್ನು, ಉಳಿದೆರಡು ಅದರ ದ್ವಾರವನ್ನು ಸೂಚಿಸುತ್ತವೆ. ಆ ವಿಳಾಸ ಬಳಕೆದಾರನ ಯಂತ್ರದ್ದೇ ಆಗಿರಬೇಕೆಂದು ನಿಯಮಾವಳಿ ವಿಧಿಸಲಿಲ್ಲ. ಒಬ್ಬನು ತನ್ನ ಸ್ಥಾನದಲ್ಲಿಯೇ ಕುಳಿತು ದೂರದ ಎರಡು ಸರ್ವರುಗಳ ನಡುವೆ ನೇರವಾಗಿ ಕಡತವನ್ನು ಸಾಗಿಸಲು ಅನುಕೂಲವಾಗಲೆಂದು ಈ ಔದಾರ್ಯವನ್ನು ಬುದ್ಧಿಪೂರ್ವಕವಾಗಿಯೇ ಇರಿಸಲಾಗಿತ್ತು.

ದುರುದ್ದೇಶವುಳ್ಳವನ ಕೈಯಲ್ಲಿ ಇದು ಬೇರೆಯೇ ಉಪಕರಣವಾಯಿತು. ಅವನು ಮೂರನೆಯ ಒಂದು ಯಂತ್ರದ ವಿಳಾಸವನ್ನು ಕೊಟ್ಟರೆ ಸರ್ವರು ಪ್ರಶ್ನಿಸದೆ ಅದರೊಡನೆ ಸಂಪರ್ಕವನ್ನು ಬೆಳೆಸುತ್ತಿತ್ತು. ಆ ಯಂತ್ರ ಫೈರ್‌ವಾಲ್ ಎಂಬ ತಡೆಗೋಡೆಯ ಹಿಂದಿದ್ದು, ಹೊರಗಿನವರನ್ನು ತಡೆದು ಈ ಸರ್ವರನ್ನು ಮಾತ್ರ ನಂಬುತ್ತಿದ್ದರೆ, ಹೊರಗಿನವನ ಮಾತು ಈಗ ನಂಬಿಕೆಯ ಸರ್ವರಿನ ಬಾಯಿಂದ ಅದನ್ನು ತಲುಪುತ್ತಿತ್ತು. ಪುಟಚೆಂಡಿನಂತೆ ಸರ್ವರಿಗೆ ತಾಗಿ ಬೇರೆಡೆಗೆ ಹಾರುವ ಈ ಆಕ್ರಮಣದ ವಿವರ ೧೯೯೫ರಲ್ಲಿ ಬಹಿರಂಗವಾಯಿತು. ೧೯೯೭ರ ಡಿಸೆಂಬರಿನಲ್ಲಿ ಸರ್ಟ್ ಕೇಂದ್ರ ಇದರ ಬಗ್ಗೆ ಎಚ್ಚರಿಕೆಯನ್ನು ಹೊರಡಿಸಿತು. ೧೯೯೯ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ ೨೫೭೭ ಎಂಬ ಪತ್ರ ಇದಕ್ಕೆ ಪರಿಹಾರಗಳನ್ನು ಸೂಚಿಸಿತು. ಸಂಭಾಷಣೆ ನಡೆಸುತ್ತಿರುವ ಯಂತ್ರದ ಹೊರತು ಬೇರೆ ವಿಳಾಸವನ್ನು ಒಪ್ಪದಿರುವುದು ಇಂದು ಸಾಮಾನ್ಯ ರೂಢಿ. ಹಾರ್ಡಿಯವರ ಗೊಂದಲಕ್ಕೊಳಗಾದ ಪ್ರತಿನಿಧಿಗೆ ಇದಕ್ಕಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ. ಇಲ್ಲಿ ದೋಷವಿದ್ದುದು ಒಂದು ತಂತ್ರಾಂಶದ ಬರವಣಿಗೆಯಲ್ಲಲ್ಲ, ನಿಯಮಾವಳಿಯ ಕಲ್ಪನೆಯಲ್ಲಿ. ಪರಸ್ಪರ ಪರಿಚಯವುಳ್ಳವರ ಜಾಲಕ್ಕೆ ಸರಿಯಾಗಿದ್ದ ನಂಬಿಕೆ ಅಪರಿಚಿತರ ಜಾಲದಲ್ಲಿ ಉಳಿಯಲಿಲ್ಲ.

೭. ಹೊಸದಾಗಿ ಸೇರಿದ ಬಾಗಿಲುಗಳು

ಈವರೆಗಿನ ನಿದರ್ಶನಗಳು ಹಳೆಯವು. ಈಗ ಇಂತಹವು ನಡೆಯಲಾರವು ಎಂದು ವಾಚಕರಿಗೆ ತೋರಬಹುದು. ಪ್ರೊಎಫ್‌ಟಿಪಿಡಿ ಎಂಬ ಸರ್ವರಿನ ಇತಿಹಾಸ ಆ ಸಮಾಧಾನಕ್ಕೆ ಅವಕಾಶ ಕೊಡುವುದಿಲ್ಲ. ಈ ಸರ್ವರಿಗೆ ಮಾಡ್ಯೂಲ್ ಎಂದು ಕರೆಯುವ ಉಪಾಂಗಗಳನ್ನು ಸೇರಿಸಿ ಅದರ ಶಕ್ತಿಯನ್ನು ಹೆಚ್ಚಿಸಬಹುದು. ಅವುಗಳಲ್ಲಿ ಮಾಡ್-ಕಾಪಿ ಎಂಬುದು ಒಂದು. ಸರ್ವರಿನಲ್ಲಿರುವ ಕಡತವನ್ನು ಅಲ್ಲಿಯೇ ಇನ್ನೊಂದು ಸ್ಥಳಕ್ಕೆ ನಕಲು ಮಾಡಲು ಎರಡು ಹೊಸ ಆಜ್ಞೆಗಳನ್ನು ಅದು ಒದಗಿಸುತ್ತದೆ: ಎಲ್ಲಿಂದ ಎಂಬುದಕ್ಕೆ ಒಂದು, ಎಲ್ಲಿಗೆ ಎಂಬುದಕ್ಕೆ ಇನ್ನೊಂದು. ಕಡತವನ್ನು ಒಮ್ಮೆ ಇಳಿಸಿಕೊಂಡು ಮತ್ತೆ ಏರಿಸುವ ಶ್ರಮ ಇದರಿಂದ ತಪ್ಪುತ್ತದೆ.

೨೦೧೫ರಲ್ಲಿ ತಿಳಿದುಬಂದ ಸಂಗತಿಯೆಂದರೆ, ಈ ಎರಡು ಆಜ್ಞೆಗಳನ್ನು ಗುರುತನ್ನೇ ಸ್ಥಾಪಿಸದವರೂ ಕೊಡಬಹುದಾಗಿತ್ತು. ಹಳೆಯ ಆಜ್ಞೆಗಳಿಗೆಲ್ಲ '೫೩೦' ಎಂದು ನಿರಾಕರಿಸುತ್ತಿದ್ದ ಸರ್ವರು ಹೊಸ ಆಜ್ಞೆಗಳ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳುವುದನ್ನು ಮರೆತಿತ್ತು. ಹೀಗಾಗಿ ಹೊರಗಿನವರು ಕಡತಗಳನ್ನು ಓದಲೂ ಬರೆಯಲೂ ಸಾಧ್ಯವಾಗಿತ್ತು. ಆ ದೋಷವನ್ನು ತಿದ್ದಲಾಯಿತು. ೨೦೧೯ರಲ್ಲಿ ಅದೇ ಉಪಾಂಗದಲ್ಲಿ ಇನ್ನೊಂದು ದೋಷ ಪ್ರಕಟವಾಯಿತು. ವ್ಯವಸ್ಥಾಪಕನು ನಿಯಮಗಳ ಕಡತದಲ್ಲಿ 'ಇಲ್ಲಿ ಯಾರೂ ಬರೆಯಕೂಡದು' ಎಂದು ಸ್ಪಷ್ಟವಾಗಿ ವಿಧಿಸಿದ್ದರೂ ನಕಲಿನ ಆಜ್ಞೆಗಳು ಆ ವಿಧಿಯನ್ನು ಗಮನಿಸುತ್ತಿರಲಿಲ್ಲ. ನಕಲು ಮಾಡುವುದೆಂದರೆ ಒಂದು ಕಡತವನ್ನು ಓದಿ ಇನ್ನೊಂದನ್ನು ಬರೆಯುವುದೇ ಅಲ್ಲವೆ? ಓದಲು ಮತ್ತು ಬರೆಯಲು ಇದ್ದ ನಿಯಮಗಳು ಓದು, ಬರೆ ಎಂಬ ಹಳೆಯ ಆಜ್ಞೆಗಳಿಗೆ ಅಂಟಿಕೊಂಡಿದ್ದವೇ ಹೊರತು ಓದುವ, ಬರೆಯುವ ಕ್ರಿಯೆಗಳಿಗೆ ಅಂಟಿಕೊಂಡಿರಲಿಲ್ಲ. ಮೊದಲ ಸಲ ಮರೆತದ್ದು 'ನೀನು ಯಾರು?' ಎಂಬ ಪ್ರಶ್ನೆಯನ್ನು. ಎರಡನೆಯ ಸಲ 'ನಿನಗೆ ಅಧಿಕಾರವಿದೆಯೆ?' ಎಂಬುದನ್ನು. ನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ಉಪಾಂಗ ಎರಡೂ ಪ್ರಶ್ನೆಗಳನ್ನು ತಪ್ಪಿಸಿಕೊಂಡಿತು.

೮. ಹೆಸರು ಮತ್ತು ವಸ್ತು

ಕಡತಗಳನ್ನು ನಾವು ಹೆಸರಿನಿಂದ ಕೇಳುತ್ತೇವೆ. ಸರ್ವರು ಹೆಸರನ್ನು ನೋಡಿ ನಿರ್ಣಯಿಸುತ್ತದೆ. ಆದರೆ ಒಂದೇ ವಸ್ತುವಿಗೆ ಹಲವು ಹೆಸರುಗಳಿರಬಹುದು. ಕೋಶಗಳ ವ್ಯವಸ್ಥೆಯಲ್ಲಿ ಎರಡು ಚುಕ್ಕಿಗಳಿಗೆ 'ಒಂದು ಮೆಟ್ಟಿಲು ಮೇಲಕ್ಕೆ' ಎಂದರ್ಥ. ತನ್ನ ಕೋಶದ ಹೆಸರಿನಿಂದಲೇ ಆರಂಭಿಸಿ, ಈ ಚುಕ್ಕಿಗಳಿಂದ ಮೇಲೇರಿ, ಪಕ್ಕದವರ ಕೋಶಕ್ಕೆ ಇಳಿಯುವಂತಹ ಹೆಸರನ್ನು ರಚಿಸುವುದು ಸುಲಭ. ಮೊದಲ ಭಾಗವನ್ನು ಮಾತ್ರ ನೋಡಿ ಒಪ್ಪುವ ಸರ್ವರು ಮೋಸಹೋಗುತ್ತದೆ. ಈ ಬಗೆಯ ದೋಷ ಬಹಳ ಹಳೆಯದು, ಆದರೆ ಇನ್ನೂ ತೀರಿಲ್ಲ.

ಫೋರ್ಟ್ರಾ ಎಂಬ ಸಂಸ್ಥೆಯ ಗೋಎನಿವೇರ್ ಎಂಬ ಸಾಗಣೆಯ ತಂತ್ರಾಂಶದಲ್ಲಿ ೨೦೨೪ರ ಜನವರಿಯಲ್ಲಿ ಬಹಿರಂಗವಾದ ದೋಷವನ್ನು ನೋಡಬಹುದು. ತಂತ್ರಾಂಶವನ್ನು ಮೊದಲು ಸ್ಥಾಪಿಸುವಾಗ ಪ್ರಧಾನ ವ್ಯವಸ್ಥಾಪಕನ ಖಾತೆಯನ್ನು ಸೃಷ್ಟಿಸಲು ಒಂದು ಪುಟವಿರುತ್ತದೆ. ಆ ಕೆಲಸ ಮುಗಿದ ಮೇಲೆ ಯಾರೇ ಆ ಪುಟವನ್ನು ಕೇಳಿದರೂ ಬೇರೆಡೆಗೆ ಕಳುಹಿಸಬೇಕೆಂಬ ಕಾವಲು ಇದ್ದಿತು. ಆದರೆ ಕಾವಲು ನೋಡುತ್ತಿದ್ದುದು ಕೇಳಿದ ಹೆಸರಿನ ಅಕ್ಷರಗಳನ್ನು. ಅದೇ ಪುಟವನ್ನು ಮೇಲೇರಿ ಇಳಿಯುವ ಸುತ್ತುದಾರಿಯ ಹೆಸರಿನಿಂದ ಕೇಳಿದಾಗ ಅಕ್ಷರಗಳು ತಾಳೆಯಾಗಲಿಲ್ಲ, ಕಾವಲು ಬಿಟ್ಟುಕೊಟ್ಟಿತು, ಹೊರಗಿನವನು ತನಗೆ ತಾನೇ ವ್ಯವಸ್ಥಾಪಕನ ಪದವಿಯನ್ನು ಕೊಟ್ಟುಕೊಳ್ಳಬಹುದಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಕ್ರಷ್‌ಎಫ್‌ಟಿಪಿ ಎಂಬ ಇನ್ನೊಂದು ಸರ್ವರಿನಲ್ಲಿ, ಬಳಕೆದಾರರಿಗೆ ನಿಯಮಿಸಿದ ಆವರಣದಿಂದ ಹೊರಬಂದು ಯಂತ್ರದ ಇತರ ಕಡತಗಳನ್ನು ಓದಲು ಎಡೆಮಾಡಿಕೊಡುವ ದೋಷ ಪ್ರಕಟವಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಹಳೆಯ ಎಫ್‌ಟಿಪಿಯಲ್ಲಿ ಗುಪ್ತಪದವೂ ಕಡತವೂ ಮರೆಯಿಲ್ಲದೆ ಜಾಲದಲ್ಲಿ ಹರಿಯುತ್ತಿದ್ದುದರಿಂದ, ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಹೊಸ ವಿಧಾನಗಳು ಬಂದಿವೆ. ಅವು ಅವಶ್ಯವಾದವು. ಆದರೆ ಗೂಢಲಿಪಿ ರಕ್ಷಿಸುವುದು ದಾರಿಯನ್ನು. ದಾರಿಯ ಕೊನೆಯಲ್ಲಿ ಕುಳಿತ ಸರ್ವರು ಅನಧಿಕಾರಿಗೆ ಕಡತವನ್ನು ಒಪ್ಪಿಸಿದರೆ, ಅದನ್ನು ಗೂಢಲಿಪಿಯಲ್ಲಿ ಭದ್ರವಾಗಿ ಒಪ್ಪಿಸಿದಂತಾಗುತ್ತದೆ, ಅಷ್ಟೆ.

೯. ಯಾರ ಕಡತಗಳು?

ಈ ದೋಷಗಳನ್ನು ಕೇವಲ ತಾಂತ್ರಿಕ ಕುತೂಹಲದ ವಿಷಯಗಳೆಂದು ಭಾವಿಸಲಾಗದು. ೨೦೨೩ರ ಮೇ ತಿಂಗಳ ಕೊನೆಯಲ್ಲಿ ಪ್ರೋಗ್ರೆಸ್ ಸಂಸ್ಥೆಯ ಮೂವ್‌ಇಟ್ ಎಂಬ ಕಡತ ಸಾಗಣೆಯ ತಂತ್ರಾಂಶದ ಮೇಲೆ ಕ್ಲಾಪ್ ಎಂಬ ಸುಲಿಗೆಕೋರರ ಗುಂಪು ಆಕ್ರಮಣ ನಡೆಸಿತು. ಅಲ್ಲಿನ ಮೂಲದೋಷ, ದತ್ತಾಂಶದ ಕೋಷ್ಟಕಗಳನ್ನು ಪ್ರಶ್ನಿಸುವ ಎಸ್‌ಕ್ಯೂಎಲ್ ಭಾಷೆಯ ವಾಕ್ಯಗಳಲ್ಲಿ ಪರರ ಮಾತನ್ನು ಸೇರಿಸಲು ಅವಕಾಶವಿದ್ದುದು. ಜಾತಿಯಲ್ಲಿ ಅದು ಮೇಲೆ ವಿವರಿಸಿದವುಗಳಿಗಿಂತ ಭಿನ್ನವಾದರೂ, ಗುರುತಿಲ್ಲದವನು ಸರ್ವರಿನ ಅಧಿಕಾರದಿಂದ ಪರರ ಕಡತಗಳನ್ನು ಪಡೆದನೆಂಬ ಫಲ ಒಂದೇ. ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಇದರಿಂದ ಬಾಧಿತವಾದವು.

ಬ್ರಿಟನ್ನಿನಲ್ಲಿ ಬಿ.ಬಿ.ಸಿ. ಮತ್ತು ಬ್ರಿಟಿಷ್ ಏರ್‌ವೇಸ್ ಸಂಸ್ಥೆಗಳ ನೌಕರರ ವಿವರಗಳು ಹೊರಬಿದ್ದ ರೀತಿ ವಿಚಾರಾರ್ಹವಾಗಿದೆ. ಆ ಸಂಸ್ಥೆಗಳಿಗೆ ವೇತನದ ಲೆಕ್ಕವನ್ನು ಒದಗಿಸುತ್ತಿದ್ದುದು ಜೆಲಿಸ್ ಎಂಬ ಮತ್ತೊಂದು ಸಂಸ್ಥೆ. ಮೂವ್‌ಇಟ್ ತಂತ್ರಾಂಶವನ್ನು ಬಳಸುತ್ತಿದ್ದುದು ಆ ಸಂಸ್ಥೆ. ವೇತನ ಪಡೆಯುವ ನೌಕರನಿಗೆ ಆ ಸರ್ವರಿನಲ್ಲಿ ಖಾತೆಯಿರಲಿಲ್ಲ, ಗುಪ್ತಪದವಿರಲಿಲ್ಲ. ಅದರ ಹೆಸರನ್ನು ಕೇಳಿರುವ ಸಂಭವವೂ ಕಡಮೆ. ಲ್ಯಾಂಪ್ಸನ್ ಅವರ ಕೋಷ್ಟಕದಲ್ಲಿ ಕಡತವನ್ನು ಓದುವವನಿಗೂ ಬರೆಯುವವನಿಗೂ ಸ್ಥಾನವಿದೆ. ಕಡತದಲ್ಲಿ ಯಾರ ಜೀವನದ ವಿವರ ಬರೆದಿದೆಯೋ ಅವನಿಗೆ ಸ್ಥಾನವಿಲ್ಲ. ಅವನು ಎಚ್ಚರಿಕೆಯಿಂದಿದ್ದು ತನ್ನನ್ನು ರಕ್ಷಿಸಿಕೊಳ್ಳುವುದು ಸಾಧ್ಯವೇ ಇಲ್ಲ. ಆದುದರಿಂದ ಅವನ ಪರವಾಗಿ ಎಚ್ಚರಿಕೆ ವಹಿಸುವ ಹೊಣೆ ಸರ್ವರನ್ನು ರಚಿಸುವವರ ಮತ್ತು ನಡೆಸುವವರ ಮೇಲೆ ಪೂರ್ಣವಾಗಿ ಬೀಳುತ್ತದೆ. ವಿದ್ಯಾರ್ಥಿಗಳ ಅಂಕಗಳನ್ನೂ ವಿಳಾಸಗಳನ್ನೂ ಇಟ್ಟುಕೊಂಡಿರುವ ಕಾಲೇಜುಗಳಿಗೂ ಈ ಮಾತು ಅನ್ವಯಿಸುತ್ತದೆ.

೧೦. ಪರಿಹಾರದ ಮಾರ್ಗ

ನಿದರ್ಶನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಒಂದು ಸಮಾನ ಕಾರಣ ಗೋಚರಿಸುತ್ತದೆ. ಅಧಿಕಾರದ ನಿರ್ಣಯ ಒಂದೆಡೆ ಇರದೆ ಪ್ರತಿಯೊಂದು ಆಜ್ಞೆಯನ್ನು ಬರೆಯುವವನ ನೆನಪಿಗೆ ಬಿಟ್ಟದ್ದಾಗಿದೆ. ಮೂವತ್ತು ಆಜ್ಞೆಗಳಲ್ಲಿ ಇಪ್ಪತ್ತೊಂಬತ್ತರಲ್ಲಿ ನೆನಪಿದ್ದರೂ ಮೂವತ್ತನೆಯದರಲ್ಲಿ ಮರೆತರೆ ಆಕ್ರಮಣಕಾರನಿಗೆ ಅದೊಂದೇ ಸಾಕು. ಹೊಸ ಅನುಕೂಲವನ್ನು ಸೇರಿಸುವುದೆಂದರೆ ಹೊಸ ಬಾಗಿಲನ್ನು ತೆರೆಯುವುದು. ಸೇರಿಸುವವನ ಗಮನವಿರುವುದು ಅನುಕೂಲದ ಮೇಲೆ. ಜಾಲದ ಅನ್ವಯ ತಂತ್ರಾಂಶಗಳ ಹತ್ತು ಪ್ರಮುಖ ಅಪಾಯಗಳನ್ನು ಪಟ್ಟಿಮಾಡುವ ಓವಾಸ್ಪ್ ಸಂಸ್ಥೆ ೨೦೧೭ರಲ್ಲಿ ಪ್ರವೇಶ ನಿಯಂತ್ರಣದ ವೈಫಲ್ಯಕ್ಕೆ ಐದನೆಯ ಸ್ಥಾನವನ್ನೂ ೨೦೨೧ರಲ್ಲಿ ಮೊದಲನೆಯ ಸ್ಥಾನವನ್ನೂ ಕೊಟ್ಟಿತು. ಈ ರೋಗ ಕಡತ ಸಾಗಣೆಗೆ ಮಾತ್ರ ಸೀಮಿತವಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಪರಿಹಾರಗಳು ಮೂರು ಬಗೆಯವು. ಮೊದಲನೆಯದು, ಕಡತವನ್ನು ತೆರೆಯುವ ಕೆಲಸವೆಲ್ಲ ತಂತ್ರಾಂಶದ ಒಂದೇ ಸ್ಥಳದ ಮೂಲಕ ಹಾದುಹೋಗುವಂತೆ ರಚಿಸಿ, ಹೆಸರನ್ನು ಪೂರ್ಣವಾಗಿ ಬಿಡಿಸಿ ನಿಜವಾದ ವಸ್ತುವನ್ನು ಕಂಡುಕೊಂಡ ಮೇಲೆ ಅಲ್ಲಿಯೇ ಅಧಿಕಾರವನ್ನು ನಿರ್ಣಯಿಸುವುದು. ಎರಡನೆಯದು, ಸರ್ವರಿನ ಅಧಿಕಾರವನ್ನೇ ಕಡಮೆ ಮಾಡುವುದು. ಓಪನ್‌ಎಸ್‌ಎಸ್‌ಎಚ್ ತಂತ್ರಾಂಶ ೨೦೦೨ರಲ್ಲಿ ಈ ಮಾರ್ಗವನ್ನು ಹಿಡಿಯಿತು. ಅಪರಿಚಿತರೊಡನೆ ಮಾತನಾಡುವ ಭಾಗವನ್ನು ಯಾವ ಅಧಿಕಾರವೂ ಇಲ್ಲದ ಬೇರೊಂದು ಪ್ರಕ್ರಿಯೆಯಾಗಿ ವಿಂಗಡಿಸಿ, ಅಧಿಕಾರವುಳ್ಳ ಸಣ್ಣ ಭಾಗ ಕೆಲವೇ ನಿಯತ ಕೋರಿಕೆಗಳನ್ನು ಮಾತ್ರ ನಡೆಸಿಕೊಡುವಂತೆ ಮಾಡಿತು. ಬಳಕೆದಾರರನ್ನು ಒಂದು ಕೋಶದಲ್ಲಿ ನಿರ್ಬಂಧಿಸುವಾಗ, ಆ ಕೋಶ ಸರ್ವಾಧಿಕಾರಿಯ ಸ್ವಾಮ್ಯದಲ್ಲಿದ್ದು ಬೇರೆ ಯಾರೂ ಬರೆಯಲಾಗದಂತಿರಬೇಕೆಂದೂ, ಹಾಗಿಲ್ಲದಿದ್ದರೆ ಪ್ರವೇಶವನ್ನೇ ಕೊಡತಕ್ಕದ್ದಲ್ಲವೆಂದೂ ಅದರಲ್ಲಿ ನಿಯಮವಿದೆ. ಐದನೆಯ ಭಾಗದಲ್ಲಿ ಕಂಡ ಬಳಕೆದಾರನ ತಂತ್ರಕ್ಕೆ ಇಲ್ಲಿ ಎಡೆಯಿಲ್ಲ.

ಮೂರನೆಯದು, ಪರೀಕ್ಷಿಸುವ ರೀತಿಯನ್ನು ಬದಲಾಯಿಸುವುದು. ತಂತ್ರಾಂಶ ಮಾಡಬೇಕಾದುದನ್ನು ಮಾಡುತ್ತದೆಯೆ ಎಂದು ನಾವು ಪರೀಕ್ಷಿಸುತ್ತೇವೆ. ಮಾಡಬಾರದುದನ್ನು ಮಾಡದಿರುತ್ತದೆಯೆ ಎಂದು ಪರೀಕ್ಷಿಸುವುದು ಅಪರೂಪ. ಇದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಅಭ್ಯಾಸ ಮಾಡಿಸಬಹುದು. ವಿದ್ಯಾರ್ಥಿಗಳು ತಾವೇ ಬರೆದ ಒಂದು ಸಣ್ಣ ಸರ್ವರನ್ನು ತೆಗೆದುಕೊಂಡು ಕೋಷ್ಟಕವೊಂದನ್ನು ರಚಿಸಲಿ. ಅಡ್ಡಸಾಲುಗಳಲ್ಲಿ ಬಳಕೆದಾರರು, ಇನ್ನೂ ಗುರುತು ಹೇಳದವನೂ ಅವರಲ್ಲೊಬ್ಬನು. ನೀಟಸಾಲುಗಳಲ್ಲಿ ಸರ್ವರು ತಿಳಿದಿರುವ ಎಲ್ಲ ಆಜ್ಞೆಗಳು. ಪ್ರತಿಯೊಂದು ಮನೆಯಲ್ಲಿಯೂ 'ಕೊಡಬೇಕು' ಅಥವಾ 'ನಿರಾಕರಿಸಬೇಕು' ಎಂದು ಮೊದಲು ಬರೆದು, ಬಳಿಕ ಒಂದೊಂದನ್ನೂ ಪ್ರಯೋಗಿಸಿ ನೋಡಲಿ. ಹೊಸ ಆಜ್ಞೆಯೊಂದನ್ನು ಸೇರಿಸುವ ಮುನ್ನ ಅದರ ಸಾಲನ್ನು ತುಂಬತಕ್ಕದ್ದೆಂಬ ನಿಯಮವಿರಲಿ. ಪ್ರೊಎಫ್‌ಟಿಪಿಡಿಯ ೨೦೧೫ರ ದೋಷ ಇಂತಹ ಕೋಷ್ಟಕದ ಒಂದು ಮನೆಯನ್ನು ಪ್ರಯೋಗಿಸಿ ನೋಡಿದ್ದರೆ ಹೊರಬೀಳುತ್ತಿತ್ತು.

ಸಾಲ್ಟ್‌ಜರ್ ಮತ್ತು ಶ್ರೋಡರ್ ಅವರ ಸೂತ್ರಗಳು ಪ್ರಕಟವಾಗಿ ಅರ್ಧಶತಮಾನವಾಯಿತು. ಈ ಅವಧಿಯಲ್ಲಿ ಕಂಡ ದೋಷಗಳನ್ನು ವಿವರಿಸಲು ಹೊಸ ಸೂತ್ರಗಳೇನೂ ಬೇಕಾಗಲಿಲ್ಲವೆಂಬುದನ್ನು ಮೇಲಿನ ನಿದರ್ಶನಗಳು ತೋರಿಸುತ್ತವೆ. ಕೊರತೆ ಇರುವುದು ತಿಳಿದ ಸೂತ್ರವನ್ನು ಪ್ರತಿಯೊಂದು ಸಣ್ಣ ಸೇರ್ಪಡೆಯಲ್ಲಿಯೂ ಬೇಸರಪಡದೆ ಅನುಸರಿಸುವ ಅಭ್ಯಾಸದಲ್ಲಿ. ಆ ಅಭ್ಯಾಸ ತಂತ್ರಾಂಶ ರಚನೆಯ ಮೊದಲ ಪಾಠಗಳೊಡನೆಯೇ ವಿದ್ಯಾರ್ಥಿಗೆ ಬರಬೇಕಾದದ್ದು. ಅದನ್ನು ಮುಂದಿನ ಯಾವುದೋ ವಿಶೇಷ ವಿಷಯಕ್ಕೆ ಮೀಸಲಿಡುವುದು ಉಚಿತವಲ್ಲ.